ಬೇಟೆಗೆ ಹೋದ ಮಗು ಶಾಲೆ ತಪ್ಪಿಸಿಲ್ಲ

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರದಲ್ಲಿ, ಜೇಮ್ಸ್ ಕೊಲ್ಲಿಯ ಕಡೆ, ಕ್ರೀ ಎಂಬ ಮೂಲನಿವಾಸಿಗಳ ಊರುಗಳಿವೆ. ಅಲ್ಲಿನ ಶಾಲೆಗಳು ವರ್ಷಕ್ಕೆ ಎರಡು ಸಲ ಬೇಟೆಗೆಂದೇ ರಜೆ ಕೊಡುತ್ತವೆ. ವಸಂತದಲ್ಲಿ ಹೆಬ್ಬಾತುಗಳು ಬರುವಾಗ ಒಮ್ಮೆ, ಎಲೆ ಉದುರುವ ಕಾಲಕ್ಕೆ ಮೂಸ್ ಬೇಟೆಗಾಗಿ ಇನ್ನೊಮ್ಮೆ. ಕೇಳಿದವರು "ಮಕ್ಕಳ ಪಾಠ ಹಾಳಾಯ್ತಲ್ಲ" ಅನ್ನಬಹುದು. ನಾವು ಒಪ್ಪುವುದಿಲ್ಲ.

ಮೂಸ್ ಜಿಂಕೆ ಜಾತಿಯಲ್ಲೇ ದೊಡ್ಡ ಪ್ರಾಣಿ, ಗಂಡು 400 ಕೆಜಿ ದಾಟುವುದುಂಟು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ ಅದಕ್ಕೆ ಬೆದೆ. ಕ್ರೀ ಮಕ್ಕಳು ತಾತನನ್ನು 'ಮೂಶುಮ್' ಅನ್ನುತ್ತಾರೆ. ಮೂಶುಮ್ ಬರ್ಚ್ ಮರದ ತೊಗಟೆಯನ್ನು ಕೊಳವೆಯಂತೆ ಸುತ್ತಿ, ಗಾಳಿ ಇಲ್ಲದ ಮುಂಜಾನೆ ಹೆಣ್ಣು ಮೂಸಿನ ಹಾಗೆ ಕೂಗುತ್ತಾನೆ. ಆಮೇಲೆ ಕಾಯುವುದು. ಗಂಟೆಗಟ್ಟಲೆ ಸದ್ದಿಲ್ಲದೆ ಕೂರುವುದೇ ಮಗುವಿನ ಮೊದಲ ಪಾಠ (ಫೋನ್ ಹಿಡಿದು ಹತ್ತು ನಿಮಿಷ ಸುಮ್ಮನಿರಲಾಗದ ನಮಗೆ ಇದು ದೊಡ್ಡ ಪರೀಕ್ಷೆಯೇ). ಗಾಳಿ ಯಾವ ಕಡೆಯಿಂದ, ಹೆಜ್ಜೆ ಹಳೆಯದೋ ಹೊಸದೋ, ಚಿಗುರು ಎಲ್ಲಿ ಮೇದಿದೆ, ಇವೆಲ್ಲ ನೋಡಿಯೇ ಕಲಿಯಬೇಕು. ಬೇಟೆ ಸಿಕ್ಕರೆ ಮಾಂಸ ಊರಲ್ಲಿ ಹಂಚಿಕೆ. ಮಗುವಿನ ಮೊದಲ ಬೇಟೆಗಂತೂ ಊಟ ಹಾಕಿ ಹಿರಿಯರನ್ನು ಗೌರವಿಸುತ್ತಾರೆ. ಎಲುಬು ನಾಯಿ ಪಾಲಾಗಬಾರದು, ತಲೆಬುರುಡೆಯನ್ನು ಮರಕ್ಕೆ ಕಟ್ಟಬೇಕು. ಪ್ರಾಣಿ ತಾನಾಗಿ ಒಲಿದು ಬಂದಿದೆ, ಅವಮಾನ ಮಾಡಿದರೆ ಮತ್ತೆ ಬರುವುದಿಲ್ಲ ಎಂಬುದು ಅವರ ನಂಬಿಕೆ.

ಇಷ್ಟೊಂದು ಕೊಲ್ಲುವುದು ಸರಿಯೇ ಎಂದು ಕೇಳುವವರಿಗೆ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಅಲ್ಲಿ ಅದು ಕ್ರೀಗಳ ಕಾನೂನುಬದ್ಧ ಹಕ್ಕು. ಇಡೀ ಪ್ರದೇಶ ಸುಮಾರು 300 ಬೇಟೆ ನೆಲಗಳಾಗಿ ಹಂಚಿಹೋಗಿದೆ. ಪ್ರತಿಯೊಂದಕ್ಕೂ ಒಬ್ಬ ಯಜಮಾನ. ಈ ವರ್ಷ ಎಲ್ಲಿ ಬೇಟೆ, ಎಲ್ಲಿ ನೆಲಕ್ಕೆ ಬಿಡುವು ಎಂದು ನಿರ್ಧರಿಸುವವರು ಅವರೇ. ಹಾಗಾಗಿ ಎಷ್ಟು ಹೊಡೆಯಬೇಕು ಎನ್ನುವುದರ ಜೊತೆಗೆ ಎಷ್ಟು ಬಿಡಬೇಕು ಎಂಬುದೂ ಪಾಠದಲ್ಲಿದೆ.

ಈ ರಜೆ ಸುಮ್ಮನೆ ಸಿಕ್ಕಿದ್ದಲ್ಲ. ಕೆನಡಾ ಸರ್ಕಾರ ಚರ್ಚುಗಳ ಜೊತೆ ಸೇರಿ ಮೂಲನಿವಾಸಿ ಮಕ್ಕಳಿಗೆ ವಸತಿ ಶಾಲೆ ನಡೆಸಿತ್ತು. ನಮ್ಮ ಮೊರಾರ್ಜಿ ಶಾಲೆಯ ಹಾಗೆ ಅಂದುಕೊಳ್ಳಬೇಡಿ. ಸುಮಾರು 1.5 ಲಕ್ಷ ಮಕ್ಕಳು ಅಲ್ಲಿ ಸೇರಿದರು, ಎಷ್ಟೋ ಮಕ್ಕಳನ್ನು ಹೆತ್ತವರಿಂದ ಬಲವಂತವಾಗಿ ಒಯ್ದಿದ್ದು. ತಮ್ಮ ಭಾಷೆ ಆಡಿದರೆ ಶಿಕ್ಷೆ. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. 2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಜೇಮ್ಸ್ ಕೊಲ್ಲಿಯ ಫೋರ್ಟ್ ಜಾರ್ಜ್‌ನಲ್ಲೂ ಇಂಥ ಶಾಲೆಗಳಿದ್ದವು. ಆ ಶಾಲೆಗಳು ಶುರುವಾಗುತ್ತಿದ್ದದ್ದು ಯಾವಾಗ ಗೊತ್ತೇ? ಬೇಸಿಗೆ ಮುಗಿಯುತ್ತಲೇ. ತಾತ ಕಾಡಿಗೆ ಹೊರಡುವ ಹೊತ್ತಿಗೆ ಮೊಮ್ಮಗ ಶಾಲೆಯ ಗೋಡೆಯೊಳಗೆ. ಹೀಗೆ ವರ್ಷ ವರ್ಷ ನಡೆದರೆ ತೊಗಟೆಯ ಕೊಳವೆ ಊದುವುದನ್ನು ಕಲಿಸುವುದು ಯಾರಿಗೆ?

1971ರಲ್ಲಿ ಸರ್ಕಾರ ಕ್ರೀಗಳನ್ನು ಕೇಳದೆಯೇ ಅವರ ನದಿಗಳಿಗೆ ಜಲವಿದ್ಯುತ್ ಯೋಜನೆ ಘೋಷಿಸಿತು. ಅವರು ಕೋರ್ಟಿಗೆ ಹೋದರು. 1975ರಲ್ಲಿ ಒಪ್ಪಂದವಾಯಿತು. ಅಣೆಕಟ್ಟು ನಿಲ್ಲಲಿಲ್ಲ, ನೆಲ ಮುಳುಗಿತು. ಆದರೆ ಅದೇ ಒಪ್ಪಂದದಿಂದ ಅವರದೇ ಶಾಲಾ ಮಂಡಳಿ ಬಂತು. ಕಾನೂನು ಹೇಳಿದಷ್ಟು ದಿನ ಪಾಠ ಆಗಬೇಕು. ಆ ದಿನಗಳು ಯಾವುವು ಎಂದು ಗೊತ್ತು ಮಾಡುವುದು ಮಂಡಳಿ. ನಮ್ಮ ಪ್ರಕಾರ ಇಡೀ ಒಪ್ಪಂದದಲ್ಲಿ ಮಕ್ಕಳಿಗೆ ನೇರವಾಗಿ ಮುಟ್ಟಿದ್ದು ಇದು.

ಹಾಗೆಂದು ಎಲ್ಲ ಸರಿಹೋಗಿದೆ ಅನ್ನಲಾರೆವು. ಇಂದಿನ ಅಜ್ಜ ಅಜ್ಜಿಯರಲ್ಲಿ ಅನೇಕರು ತಾವೇ ವಸತಿ ಶಾಲೆಗೆ ಹೋದವರು. ಕಲಿಯುವ ವಯಸ್ಸಿನಲ್ಲಿ ಕಾಡಿನಿಂದ ದೂರವಿದ್ದವರು. ಕಾಡಿನ ಬಿಡಾರಕ್ಕೆ ಹೋಗಲು ಪೆಟ್ರೋಲ್, ದೋಣಿ, ಕೆಲವು ಕಡೆ ಸಣ್ಣ ವಿಮಾನವೂ ಬೇಕು. ದುಡ್ಡಿಲ್ಲದ, ಕಲಿಸುವ ಹಿರಿಯರಿಲ್ಲದ ಮನೆಯ ಮಗು ಆ ರಜೆಯಲ್ಲಿ ಊರಲ್ಲೇ ಉಳಿಯುತ್ತದೆ. ರಜೆ ಕೊಡುವ ಮಂಡಳಿಯೇ ಅಂಥ ಮಗುವಿಗೆ ಬೇರೆ ಮನೆಯ ಮೂಶುಮ್ ಒಬ್ಬರನ್ನು ಗೊತ್ತು ಮಾಡಿ, ಆ ದಿನಗಳಿಗೆ ಮೇಷ್ಟ್ರಿಗೆ ಕೊಡುವಷ್ಟೇ ಸಂಬಳ ಕೊಡಲಿ ಅನ್ನುತ್ತೇವೆ ನಾವು.