ಚುನಾವಣಾ ಕಾಲದಲ್ಲಿ ಪತ್ರಕರ್ತರ ರಕ್ಷಣೆ ಕೋರಿ ಭಾರತ ಚುನಾವಣಾ ಆಯೋಗಕ್ಕೆ ಮನವಿ ಪತ್ರ

ಇವರಿಗೆ,
ಮುಖ್ಯ ಚುನಾವಣಾ ಆಯುಕ್ತರು ಮತ್ತು ಚುನಾವಣಾ ಆಯುಕ್ತರು,
ಭಾರತ ಚುನಾವಣಾ ಆಯೋಗ, ನವದೆಹಲಿ.
(ಮುಖ್ಯ ಚುನಾವಣಾಧಿಕಾರಿಗಳು, ಕರ್ನಾಟಕ, ಇವರ ಮೂಲಕ)

ವಿಷಯ: ಮಾದರಿ ನೀತಿ ಸಂಹಿತೆಯ ಅವಧಿಯಲ್ಲಿ ಪತ್ರಕರ್ತರು ಹಾಗೂ ಅಂತರ್ಜಾಲ ಬರಹಗಾರರ ಮೇಲಿನ ತಡೆ ಆದೇಶ, ಬಂಧನ, ಜಪ್ತಿಗಳನ್ನು ಆಯೋಗದ ಉಸ್ತುವಾರಿಗೆ ತರುವ ಬಗ್ಗೆ.

ಮಾನ್ಯರೇ,

ನಾವು ಕರ್ನಾಟಕದ ಜಿಲ್ಲೆ, ತಾಲ್ಲೂಕುಗಳ ವರದಿಗಾರರು, ಯೂಟ್ಯೂಬ್ ಚಾನೆಲ್ ನಡೆಸುವವರು, ಬ್ಲಾಗ್ ಬರೆಯುವವರು. 2024ರ ಲೋಕಸಭಾ ಚುನಾವಣೆಯಲ್ಲಿ ಕಂಡದ್ದು ಮುಂದಿನ ಚುನಾವಣೆಯಲ್ಲಿ ಮರುಕಳಿಸಬಾರದೆಂದು ಈ ಮನವಿ ಸಲ್ಲಿಸುತ್ತಿದ್ದೇವೆ.

ಆ ವರ್ಷ ಮಾರ್ಚ್ 16ರಂದು ನೀತಿ ಸಂಹಿತೆ ಜಾರಿಗೆ ಬಂತು. ನಾಲ್ಕೇ ದಿನಕ್ಕೆ, ಕೇಂದ್ರ ಸರ್ಕಾರದ ಕುರಿತ ಯಾವ ಸುದ್ದಿ ಸುಳ್ಳೆಂದು ಸರ್ಕಾರವೇ ತೀರ್ಮಾನಿಸುವ ಫ್ಯಾಕ್ಟ್ ಚೆಕ್ ಘಟಕಕ್ಕೆ ಅಧಿಸೂಚನೆ ಹೊರಟಿತು. ಮರುದಿನವೇ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಘಟಕಕ್ಕೆ ಅವಕಾಶ ಕೊಟ್ಟಿದ್ದ ನಿಯಮವನ್ನೇ ರದ್ದುಪಡಿಸಿತು. ಏಪ್ರಿಲ್ ಮೊದಲ ವಾರದಲ್ಲಿ, ಮೊದಲ ಹಂತದ ಮತದಾನಕ್ಕೆ ಸುಮಾರು ಎರಡು ವಾರವಿರುವಾಗ, ‘ಬೋಲ್ತಾ ಹಿಂದೂಸ್ತಾನ್’ ಯೂಟ್ಯೂಬ್ ಚಾನೆಲ್ ಸರ್ಕಾರದ ಆದೇಶದ ಮೇರೆಗೆ ಬಂದ್ ಆಯಿತು. 2023ರ ಅಕ್ಟೋಬರ್ 3ರಂದು ಯುಎಪಿಎ ಅಡಿ ಬಂಧಿತರಾದ ‘ನ್ಯೂಸ್‌ಕ್ಲಿಕ್’ ಸಂಪಾದಕ ಪ್ರಬೀರ್ ಪುರಕಾಯಸ್ಥ ಈ ದಿನಗಳನ್ನೆಲ್ಲ ಜೈಲಿನಲ್ಲೇ ಕಳೆದರು. ಬಂಧನದ ಕಾರಣಗಳನ್ನು ಬರಹದಲ್ಲಿ ತಿಳಿಸಿರಲಿಲ್ಲವಾದ್ದರಿಂದ ಬಂಧನವೇ ಅಸಿಂಧು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಮೇ 15ರಂದು. ಅಷ್ಟರಲ್ಲಿ ನಾಲ್ಕು ಹಂತಗಳ ಮತದಾನ ಮುಗಿದಿತ್ತು.

ನಮ್ಮ ಅಳಲು ಇರುವುದು ಇಲ್ಲೇ. ನ್ಯಾಯಾಲಯದಲ್ಲಿ ನ್ಯಾಯ ಸಿಗುತ್ತದೆ, ಆದರೆ ಮತ ಹಾಕಿದ ಮೇಲೆ ಸಿಗುತ್ತದೆ. ಮತದಾರ ಓದಬೇಕಿದ್ದ ವರದಿ ಆಮೇಲೆ ಮರಳಿ ಬಂದರೆ ಯಾರಿಗೆ ಪ್ರಯೋಜನ? ಅಭ್ಯರ್ಥಿಗಳ ಬಗ್ಗೆ ತಿಳಿಯುವುದು ಮತದಾರನ ಹಕ್ಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆ ಹಕ್ಕನ್ನು ಸಮಯಕ್ಕೆ ಸರಿಯಾಗಿ ಕಾಯಬಲ್ಲದ್ದು ಆಯೋಗವೊಂದೇ.

ತಮಗೆ ಅಧಿಕಾರವಿಲ್ಲ ಎಂಬ ಮಾತನ್ನು ನಾವು ಒಪ್ಪಲಾರೆವು. ಪ್ರಜಾಪ್ರಾತಿನಿಧ್ಯ ಕಾಯ್ದೆಯ 28ಎ ಕಲಂ ಪ್ರಕಾರ ಚುನಾವಣಾ ಕೆಲಸಕ್ಕೆ ನೇಮಕಗೊಂಡ ಪೊಲೀಸರೂ ಫಲಿತಾಂಶದವರೆಗೆ ತಮ್ಮ ಅಧೀನದಲ್ಲಿರುತ್ತಾರೆ. 2024ರ ಮಾರ್ಚ್ 18ರಂದು ತಾವು ಆರು ರಾಜ್ಯಗಳ ಗೃಹ ಕಾರ್ಯದರ್ಶಿಗಳನ್ನು ಬದಲಿಸಿದಿರಿ. ಕಾನೂನು ಮೌನವಾಗಿರುವಲ್ಲಿ ಸಂವಿಧಾನದ 324ನೇ ವಿಧಿಯೇ ಆಯೋಗಕ್ಕೆ ಬಲವೆಂದು 1977ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದ ತೀರ್ಪು ಇದೆ. ಹೀಗಿರುವಾಗ ಚಾನೆಲ್ ಮುಚ್ಚಿಸುವ ಅಧಿಕಾರ ಮಾತ್ರ ಕಣದಲ್ಲಿರುವ ಪಕ್ಷದ ಸಚಿವರ ಇಲಾಖೆಯಲ್ಲೇ ಉಳಿಯುವುದು ಅನ್ಯಾಯ. ಕೇಂದ್ರವಾಗಲಿ ರಾಜ್ಯವಾಗಲಿ, ಯಾವ ಪಕ್ಷದ ಸರ್ಕಾರಕ್ಕೂ ಈ ಮಾತು ಒಂದೇ.

ಆದ್ದರಿಂದ, ನೀತಿ ಸಂಹಿತೆ ಜಾರಿಯಲ್ಲಿರುವಷ್ಟು ದಿನ ಅಂತರ್ಜಾಲದ ಬರಹಗಳನ್ನು ತಡೆಯಲು ಅಧಿಕಾರ ಕೊಡುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಅಡಿ ಅಥವಾ ಬರಹ ತೆಗೆಸಲು ಸರ್ಕಾರ ಬಳಸುವ ‘ಸಹಯೋಗ್’ ಪೋರ್ಟಲ್ ಮೂಲಕ ಸುದ್ದಿ, ರಾಜಕೀಯ ಬರಹಗಳ ವಿರುದ್ಧ ಹೊರಡುವ ಪ್ರತಿಯೊಂದು ಆದೇಶವೂ ಆಯೋಗದ ಮುಂದೆ ಬರಬೇಕು. ಬರೆದವರಿಗೆ ಕಾರಣಸಹಿತ ಪ್ರತಿ ಸಿಗಬೇಕು. ಆಯೋಗದ್ದೇ ಆದೇಶಗಳೂ ಇದಕ್ಕೆ ಹೊರತಾಗದಿರಲಿ: 2024ರ ಏಪ್ರಿಲ್‌ನಲ್ಲಿ ತಾವು ಕೆಲವು ಪೋಸ್ಟ್‌ಗಳನ್ನು ತೆಗೆಸಿದಾಗ ಆದೇಶವನ್ನು ಪ್ರಕಟಿಸಿದ್ದು ಎಕ್ಸ್ ಸಂಸ್ಥೆ. ಇನ್ನು ಮುಂದೆ ಅವು ಆಯೋಗದ ಜಾಲತಾಣದಲ್ಲೇ ಸಿಗಲಿ.

ವರದಿಗಾರನ ಫೋನ್ ಜಪ್ತಿಯಾದರೆ ಕ್ಯಾಮೆರಾ, ಟಿಪ್ಪಣಿ, ಸುದ್ದಿ ಕೊಟ್ಟವರ ಹೆಸರು ಎಲ್ಲವೂ ಪೊಲೀಸರ ಕೈ ಸೇರುತ್ತವೆ. ಇದು ಗಂಭೀರ ವಿಚಾರವೆಂದು 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಮಾರ್ಗಸೂಚಿ ಬೇಕೆಂದಿತ್ತು. ಚುನಾವಣೆಯ ಅವಧಿಯಲ್ಲಿ ನ್ಯಾಯಾಲಯದ ವಾರಂಟ್ ಇಲ್ಲದೆ ಪತ್ರಕರ್ತರ ಸಾಧನಗಳನ್ನು ಮುಟ್ಟಬಾರದೆಂದು ಪೊಲೀಸ್ ಮುಖ್ಯಸ್ಥರಿಗೆ ಸೂಚನೆ ಹೊರಡಿಸಬೇಕು. ವರದಿಗಾರರ ಬಂಧನವಾದರೆ ಅದೇ ದಿನ ಆಯೋಗದ ವೀಕ್ಷಕರಿಗೆ ಲಿಖಿತ ವರದಿ ಹೋಗಬೇಕು. ನೀತಿ ಸಂಹಿತೆ ಉಲ್ಲಂಘನೆ ಬಗ್ಗೆ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಕೊಡುವ ದೂರಿಗೆ 100 ನಿಮಿಷದ ಗಡುವಿದೆ. ಪತ್ರಕರ್ತರ ದೂರಿಗೂ ಒಂದು ಗಡುವು ಇರಲಿ.

ದ್ವೇಷ ಹರಡುವವರಿಗೆ, ಕಾಸಿಗಾಗಿ ಸುದ್ದಿ ಮಾಡುವವರಿಗೆ ನಾವು ರಕ್ಷಣೆ ಕೇಳುತ್ತಿಲ್ಲ. ಅಂಥವರ ಮೇಲೆ ಕಾನೂನಿನ ಕ್ರಮ ಆಗಲಿ, ಬಹಿರಂಗವಾಗಿ ಆಗಲಿ.

ಈ ಬೇಡಿಕೆಗಳ ಕುರಿತು ಮುಖತಃ ವಿವರಿಸಲು ನಮ್ಮ ಪ್ರತಿನಿಧಿಗಳಿಗೆ ಸಮಯ ನೀಡಬೇಕೆಂದೂ, ಕೈಗೊಂಡ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಪತ್ರಕರ್ತರು ಮತ್ತು ಬರಹಗಾರರು