ಶಸ್ತ್ರಚಿಕಿತ್ಸೆಗೆ ಮುಂಚಿನ ಸಾಧನೆ

'ಯುದ್ಧಕಾಲೇ ಶಸ್ತ್ರಾಭ್ಯಾಸ' ಎಂದು ಹಿರಿಯರು ಹಾಸ್ಯ ಮಾಡುವುದುಂಟು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವ ವಿದ್ಯಾರ್ಥಿ ಸಮುದಾಯಕ್ಕೆ ಈ ಮಾತು ಹೊಸದಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಗೂ ಇದು ಅಷ್ಟೇ ಸಲ್ಲುತ್ತದೆಂಬುದನ್ನು ವಾಚಕರ ಗಮನಕ್ಕೆ ತರುವುದು ಈ ಪುಟ್ಟ ಲೇಖನದ ಉದ್ದೇಶ.

ಕಬಡ್ಡಿ, ಖೊಖೊ, ವಾಲಿಬಾಲ್ ಆಡುವ ನಮ್ಮಲ್ಲಿ ಮೊಣಕಾಲು ತಿರುಚಿ ಒಳಗಿನ ಲಿಗಮೆಂಟು ಹರಿಯುವುದು ಅಪರೂಪವೇನೂ ಅಲ್ಲ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದೊಡನೆ ಮನೆಯವರು ಹೇಳುವ ಮೊದಲ ಮಾತು: "ಕಾಲು ಅಲುಗಿಸಬೇಡಪ್ಪಾ, ಆಪರೇಷನ್ ಆಗೋವರೆಗೆ ಸುಮ್ಮನೆ ಮಲಗಿರು." ಇದು ಅಕ್ಕರೆಯ ಮಾತೇನೋ ಹೌದು, ಹಿತದ ಮಾತೆಂದು ನಾನು ಒಪ್ಪಲಾರೆ.

ತೊಡೆಯ ಮುಂಭಾಗದಲ್ಲಿ ಕ್ವಾಡ್ರಿಸೆಪ್ಸ್ ಎಂಬ ನಾಲ್ಕು ಸ್ನಾಯುಗಳ ಕೂಟವಿದೆ. ಮಡಚಿದ ಕಾಲನ್ನು ನೇರ ಮಾಡುವುದು, ಮೆಟ್ಟಿಲಿಳಿಯುವಾಗ ದೇಹದ ಭಾರವನ್ನು ತಡೆದು ಹಿಡಿಯುವುದು ಅದರ ಕೆಲಸ. ಪೆಟ್ಟಾದ ಕೀಲಿನಲ್ಲಿ ದ್ರವ ತುಂಬಿ ಊದಿಕೊಂಡಾಗ ನರಮಂಡಲವು ನಮ್ಮನ್ನು ಕೇಳದೆಯೇ ಈ ಸ್ನಾಯುವನ್ನು ಅಡಗಿಸಿಬಿಡುತ್ತದೆ. ಇದನ್ನು 1965ರಷ್ಟು ಹಿಂದೆಯೇ ಪ್ರಯೋಗದಿಂದ ತೋರಿಸಿದ್ದಾರೆ. ಇದರ ಜೊತೆಗೆ ಹಾಸಿಗೆಯ ವಾಸವೂ ಸೇರಿದರೆ ತೊಡೆ ಕೆಲವೇ ವಾರಗಳಲ್ಲಿ ಸೊರಗುತ್ತದೆ. ಕಬಡ್ಡಿಯಲ್ಲಿ ಪೆಟ್ಟಾದ ಮೂರನೆಯ ವಾರ ದರ್ಜಿಯ ಟೇಪಿನಿಂದ ಅಳೆದು ನೋಡಿದಾಗ ನನ್ನ ಬಲತೊಡೆ ಎಡತೊಡೆಗಿಂತ ಒಂದಂಗುಲ ಸಣ್ಣದಾಗಿತ್ತು.

"ವೈದ್ಯರು ಸರಿಪಡಿಸುತ್ತಾರಲ್ಲ, ನಮಗೇಕೆ ಈ ಕಷ್ಟ?" ಎಂದು ಕೆಲವರು ಕೇಳಬಹುದು. ವೈದ್ಯರು ಹರಿದ ಲಿಗಮೆಂಟಿನ ಜಾಗದಲ್ಲಿ ಬೇರೊಂದು ನಾರನ್ನು ಕೂಡಿಸಬಲ್ಲರು. ಸೊರಗಿದ ಸ್ನಾಯುವಿಗೆ ಬಲವನ್ನು ತುಂಬಲಾರರು. ಶಸ್ತ್ರಚಿಕಿತ್ಸೆಯ ನಂತರ ಆ ಸ್ನಾಯು ಇನ್ನಷ್ಟು ಕ್ಷೀಣಿಸುವುದರಿಂದ, ಮೊದಲು ಕೂಡಿಟ್ಟ ಬಲವೇ ಆಗ ನಮ್ಮ ಬಂಡವಾಳ. ನಾರ್ವೆಯ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಶಸ್ತ್ರಚಿಕಿತ್ಸೆಗೆ ಮುಂಚೆ ತೊಡೆ ದುರ್ಬಲವಾಗಿದ್ದವರ ಮೊಣಕಾಲು ಎರಡು ವರ್ಷಗಳ ಮೇಲೂ ಹಿಂದುಳಿದಿತ್ತು. ಗಾಯಗೊಂಡ ಕಾಲಿನ ಬಲದ ಕೊರತೆ ಶೇಕಡ 20ಕ್ಕಿಂತ ಕೆಳಗಿಳಿಯುವವರೆಗೆ ಕಾಯುವುದು ಲೇಸೆಂಬುದು ಅವರ ಸಲಹೆ.

ಇದು ಸಿರಿವಂತರ ಚಿಕಿತ್ಸೆಯೆಂಬ ಆಕ್ಷೇಪಣೆಯೂ ನಿಲ್ಲುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾವೈದ್ಯ ಥಾಮಸ್ ಡಿಲೋರ್ಮ್ ಅವರು ಗಾಯಾಳು ಸೈನಿಕರಿಂದ ಕ್ರಮಕ್ರಮವಾಗಿ ಭಾರವೆತ್ತಿಸಿ ಅವರ ತೊಡೆಗಳಿಗೆ ಬಲ ತಂದರು. 1945ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ನನಗೆ ಬೇಕಾದದ್ದಂತೂ ಒಂದು ಟವೆಲು, ಒಂದು ಗೋಡೆ ಮತ್ತು ಮರಳು ತುಂಬಿದ ಒಂದು ಚೀಲ. ಸುತ್ತಿದ ಟವೆಲನ್ನು ಮೊಣಕಾಲಿನ ಕೆಳಗಿಟ್ಟು ತೊಡೆ ಬಿಗಿದು ಐದು ಸೆಕೆಂಡು ಒತ್ತುವುದು. ಮೊಣಕಾಲು ಬಾಗದಂತೆ ಕಾಲೆತ್ತುವುದು. ಹಿಮ್ಮಡಿಯನ್ನು ಜಾರಿಸಿ ಕಾಲು ಮಡಚುವುದು. ಊತ ಇಳಿದ ಮೇಲೆ ಗೋಡೆಗೊರಗಿ ಅರ್ಧ ಕುಳಿತೇಳುವುದು, ಕಾಲಿಗೆ ಮರಳುಚೀಲ ಕಟ್ಟಿ ಎತ್ತುವುದು. ಆರು ವಾರಗಳಲ್ಲಿ ಟೇಪಿನ ಅಂತರ ಅರ್ಧ ಅಂಗುಲಕ್ಕೆ ಇಳಿಯಿತು.

ಆದರೆ ಎಲ್ಲ ಮೊಣಕಾಲುಗಳೂ ಒಂದೇ ಅಲ್ಲ. ಮೂಳೆ ಮುರಿದಿದ್ದರೆ, ಅಥವಾ ಹರಿದ ಮೆತ್ತೆಲುಬಿನ ತುಂಡು ಸಿಕ್ಕಿಕೊಂಡು ಕಾಲು ನೇರವಾಗದಿದ್ದರೆ ತಡಮಾಡುವುದು ಅಪಾಯಕರ. ಯಾವ ವ್ಯಾಯಾಮ, ಎಷ್ಟು, ಎಂದಿನಿಂದ ಎಂಬುದನ್ನು ವೈದ್ಯರೂ ಫಿಸಿಯೋಥೆರಪಿಸ್ಟರೂ ಹೇಳಬೇಕೇ ಹೊರತು ನೆರೆಮನೆಯವರಲ್ಲ.

ಗೆದ್ದವರಿಗೆ ಹಾರ ಹಾಕುವ ನಾವು ಬಿದ್ದವರನ್ನು ವಿಚಾರಿಸುವುದು ಕಡಮೆ. ಗಾಯಗೊಂಡು ಮನೆ ಸೇರಿದ ಆಟಗಾರನ ಹೆಸರು ಮುಂದಿನ ಪಂದ್ಯದ ಪಟ್ಟಿಯಿಂದ ಹೋಗುತ್ತದೆ. ಅಲ್ಲಿಗೆ ಅವನ ಕಥೆ ಮುಗಿಯಿತೆಂದೇ ಲೆಕ್ಕ. ಅವನಿಗೆ ವ್ಯಾಯಾಮಶಾಲೆಯಲ್ಲಿ ದಿನಕ್ಕೆ ಅರ್ಧ ಗಂಟೆಯ ಜಾಗವನ್ನೂ, ಚಿಕಿತ್ಸೆಯ ದಿನಗಳಿಗೆ ಹಾಜರಾತಿಯ ರಿಯಾಯಿತಿಯನ್ನೂ ಕಾಲೇಜು ಕೊಡಬೇಕೆಂದು ಅಧ್ಯಾಪಕವರ್ಗದಲ್ಲಿ ನನ್ನ ವಿನಂತಿ. ಗಾಯಗೊಂಡ ಗೆಳೆಯರಿಗೆ ಹೇಳುವುದೂ ಒಂದೇ ಮಾತು: ಶಸ್ತ್ರಚಿಕಿತ್ಸೆಯ ದಿನ ವೈದ್ಯರ ಕೈಯಲ್ಲಿದೆ, ಅದಕ್ಕೆ ಮುಂಚಿನ ದಿನಗಳೆಲ್ಲ ನಿಮ್ಮ ಕೈಯಲ್ಲಿವೆ.