ಹಾರ್ಮೋನ್ ಪಾಸಿಟಿವ್ ಸ್ತನ ಕ್ಯಾನ್ಸರ್: ಅಗ್ಗದ ಮಾತ್ರೆ ಸೋತ ಮೇಲೆ ಏನು ಗತಿ?

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ಮಹಿಳೆಯೊಬ್ಬರು 2022ರಲ್ಲಿ ಕೇರಳ ಹೈಕೋರ್ಟ್ ಮೆಟ್ಟಿಲೇರಿದರು. ಅವರು ಕೇಳಿದ್ದು ಪರಿಹಾರಧನವನ್ನಲ್ಲ. ತನಗೆ ಬರೆದುಕೊಟ್ಟ ರೈಬೋಸಿಕ್ಲಿಬ್ ಮಾತ್ರೆಗೆ ತಿಂಗಳಿಗೆ ಸುಮಾರು 58 ಸಾವಿರ ರೂಪಾಯಿ ಆಗುತ್ತದೆ, ಪೇಟೆಂಟ್ ಇರುವುದರಿಂದ ಬೇರೆಯವರು ತಯಾರಿಸುವಂತಿಲ್ಲ, ಸರಕಾರ ಕಡ್ಡಾಯ ಪರವಾನಿಗೆ ಕೊಟ್ಟು ಅಗ್ಗವಾಗಿ ತಯಾರಿಸಲು ಬಿಡಬೇಕು ಎಂಬುದು ಅವರ ಬೇಡಿಕೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ನ್ಯಾಯಾಲಯ ಮಾತ್ರ ಪ್ರಕರಣವನ್ನು ಕೈಬಿಡದೆ ಸ್ವಯಂಪ್ರೇರಿತವಾಗಿ ಮುಂದುವರಿಸಿತು.

ಅಷ್ಟು ದುಬಾರಿ ಮಾತ್ರೆ ಯಾಕೆ ಬೇಕಾಗುತ್ತದೆ? ಸ್ತನ ಕ್ಯಾನ್ಸರ್ ಒಂದೇ ಬಗೆಯ ಕಾಯಿಲೆ ಅಲ್ಲ. ಬಯಾಪ್ಸಿ ರಿಪೋರ್ಟಿನಲ್ಲಿ ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಸಾಲುಗಳಿರುತ್ತವೆ. ಮೊದಲಿನ ಎರಡು, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಪ್ರೋಟೀನುಗಳು, ಅಂದರೆ ರಿಸೆಪ್ಟರ್‌ಗಳು. ಹಾರ್ಮೋನ್ ಬಂದು ಕೂತ ಕೂಡಲೇ ಇವು ಜೀವಕೋಶಕ್ಕೆ ಬೆಳೆಯಲು ಆದೇಶ ಕೊಡುತ್ತವೆ. ರಿಪೋರ್ಟಿನಲ್ಲಿ 'ಪಾಸಿಟಿವ್' ಎಂದು ಕಂಡರೆ ಮನೆಮಂದಿ ಗಾಬರಿಯಾಗುವುದುಂಟು. ನಿಜವಾಗಿ ಇಲ್ಲಿ ಪಾಸಿಟಿವ್ ಎಂದರೆ ಮದ್ದಿಗೆ ಒಂದು ಹೆಚ್ಚಿನ ದಾರಿ ಇದೆ ಎಂದರ್ಥ. ಟಮಾಕ್ಸಿಫೆನ್ ಆ ಹಾರ್ಮೋನಿನ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ. ಲೆಟ್ರೋಜೋಲ್, ಮುಟ್ಟು ನಿಂತ ಮಹಿಳೆಯರಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನೇ ತಡೆಯುತ್ತದೆ. ಎರಡೂ ಹಳೆಯ ಮದ್ದುಗಳು, ಬೆಲೆಯೂ ಕಡಿಮೆ.

ಆದರೆ ಕ್ಯಾನ್ಸರ್ ಕೋಶ ಸುಮ್ಮನಿರುವುದಿಲ್ಲ. ಕೆಲವರಲ್ಲಿ ವರ್ಷಗಟ್ಟಲೆ ಚಿಕಿತ್ಸೆಯ ನಂತರ ರಿಸೆಪ್ಟರಿನ ಆಕಾರವೇ ಬದಲಾಗಿ, ಹಾರ್ಮೋನ್ ಇಲ್ಲದೆಯೂ ಅದು ಆದೇಶ ಕೊಡುತ್ತಲೇ ಇರುತ್ತದೆ. ಇನ್ನು ಕೆಲವರಲ್ಲಿ ರಿಸೆಪ್ಟರೇ ಮಾಯ. ಹಾಗಾಗಿ ಕಾಯಿಲೆ ಮರಳಿದಾಗ ಹಳೆಯ ರಿಪೋರ್ಟನ್ನೇ ನಂಬಿ ಕೂರುವಂತಿಲ್ಲ. ಸಾಧ್ಯವಿದ್ದರೆ ಮತ್ತೆ ಬಯಾಪ್ಸಿ ಮಾಡಿಸಬೇಕು. ಫುಲ್ವೆಸ್ಟ್ರಂಟ್ ಇಂಜೆಕ್ಷನ್ ರಿಸೆಪ್ಟರನ್ನು ಜೀವಕೋಶವೇ ಒಡೆದು ಹಾಕುವಂತೆ ಮಾಡುತ್ತದೆ. ರೈಬೋಸಿಕ್ಲಿಬ್ ಇನ್ನೂ ಮುಂದಕ್ಕೆ ಹೋಗಿ, ಕೋಶ ಎರಡಾಗಲು ಬೇಕಾದ ಸಿಡಿಕೆ-4, ಸಿಡಿಕೆ-6 ಎಂಬ ಪ್ರೋಟೀನುಗಳನ್ನು ತಡೆಯುತ್ತದೆ.

ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಚಿಕಿತ್ಸೆಗೆಂದು ಮಂಗಳೂರಿಗೆ ಹೋಗುವ ಕುಟುಂಬಗಳಿಗೆ ಇದರಲ್ಲಿ ಎರಡು ವಿಷಯಗಳಿವೆ. ಆಸ್ಪತ್ರೆ ಬದಲಾದರೂ ಆ ಮೂರು ಸಾಲಿನ ರಿಪೋರ್ಟ್ ಕೈಯಲ್ಲೇ ಇರಬೇಕು. ಮತ್ತೆ, ಗಡ್ಡೆ ತೆಗೆದಾಯ್ತು, ಈಗ ಹುಷಾರಾಗಿದ್ದೇನೆ ಎಂದು ಮಾತ್ರೆ ಬಿಡುವುದು ಬಹಳ ಅಪಾಯ. ಹಾರ್ಮೋನ್ ಮಾತ್ರೆಯನ್ನು ಸಾಮಾನ್ಯವಾಗಿ ಕನಿಷ್ಠ 5 ವರ್ಷ, ಕೆಲವರು 10 ವರ್ಷ ನುಂಗಬೇಕು. ಟಮಾಕ್ಸಿಫೆನ್ ಹೆಚ್ಚಾಗಿ ದಿನಕ್ಕೊಮ್ಮೆಯ ಮಾತ್ರೆ. ರಮಝಾನ್‌ನಲ್ಲಿ ಅದನ್ನು ಇಫ್ತಾರ್ ನಂತರ ತೆಗೆದುಕೊಳ್ಳಬಹುದೇ ಎಂದು ಡಾಕ್ಟರಲ್ಲಿ ಮೊದಲೇ ಕೇಳಿಕೊಂಡರೆ ತಿಂಗಳಿಡೀ ಮಾತ್ರೆ ತಪ್ಪಿಸುವ ಪ್ರಮೇಯವೇ ಬರುವುದಿಲ್ಲ.

ಬೆಲೆಯ ವಿಷಯ ಮಾತ್ರ ಕುಟುಂಬದ ಕೈಯಲ್ಲಿಲ್ಲ. ಗಲ್ಫ್‌ನಲ್ಲಿ ದುಡಿಯುವ ಮಗನಿದ್ದರೂ 2022ರ ಆ ಬೆಲೆಯಂತೆ ತಿಂಗಳಿಗೆ 58 ಸಾವಿರ ಎಷ್ಟು ದಿನ ಹೊಂದಿಸಿಯಾನು? ಸರಕಾರಕ್ಕೆ ಕಾನೂನಿನ ದಾರಿ ಇಲ್ಲವೆಂದಲ್ಲ. 2012ರಲ್ಲಿ ನೆಕ್ಸಾವರ್ ಎಂಬ ಕ್ಯಾನ್ಸರ್ ಮದ್ದಿಗೆ ಕಡ್ಡಾಯ ಪರವಾನಿಗೆ ಕೊಟ್ಟಾಗ ತಿಂಗಳ ಖರ್ಚು ಸುಮಾರು 2.8 ಲಕ್ಷದಿಂದ 8,880 ರೂಪಾಯಿಗೆ ಇಳಿಯಿತು. ರೈಬೋಸಿಕ್ಲಿಬ್ ಗುಂಪಿಗೇ ಸೇರಿದ ಪಾಲ್ಬೋಸಿಕ್ಲಿಬ್‌ನ ಪೇಟೆಂಟ್ 2023ರ ಜನವರಿಯಲ್ಲಿ ಮುಗಿದದ್ದೇ ತಡ, ಭಾರತದ ಹಲವು ಕಂಪೆನಿಗಳು ಅದನ್ನು ಅಗ್ಗದ ದರದಲ್ಲಿ ಮಾರುಕಟ್ಟೆಗೆ ತಂದವು. ಹೈಕೋರ್ಟಿಗೆ ಹೋದ ಆ ಮಹಿಳೆ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು.